ಕಯಾಕ್ ಎಳೆಯಲು ಯಾವ ಗಾಡಿ? ಹಿನ್ನೀರಿನ ದಡದಿಂದ ನನ್ನ ಅನುಭವ

ಗಾಡಿ ನೋಡಲು ಶೋರೂಮಿಗೆ ಹೋಗುವ ಮೊದಲೇ ನಾನು ಲಿಂಗನಮಕ್ಕಿ ಹಿನ್ನೀರಿನ ದಡವನ್ನು ಚೆನ್ನಾಗಿ ನೋಡಿಕೊಂಡಿದ್ದೆ. ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಎಳೆಯಲು ಯಾವ ಗಾಡಿ ತಗೊಳ್ಳಲಿ ಎಂದು ಕೇಳುವವರಿಗೆ ಈಗಲೂ ಹೇಳುವುದು ಅದನ್ನೇ. ಮೊದಲು ನಿಮ್ಮ ದಡ ನೋಡಿ. ಸಾಗರದ ಕಡೆಯಿಂದ ಬಹುಪಾಲು ದಾರಿ ಟಾರು. ಅಷ್ಟು ದೂರ ಯಾವ ಸಣ್ಣ ಕಾರಾದರೂ ಎರಡು ಕಯಾಕ್ ಎಳೆಯುತ್ತದೆ. ಕಷ್ಟ ಇರುವುದು ಟಾರು ಮುಗಿದ ಮೇಲೆ, ಕೊನೆಯ ಇಳಿಜಾರಿನಲ್ಲಿ. ಅದಕ್ಕಿಂತ ಜಾಸ್ತಿ ಕಷ್ಟ, ಸಂಜೆ ಅದೇ ಇಳಿಜಾರನ್ನು ಹತ್ತಿ ವಾಪಸ್ ಬರುವಾಗ.

ಈ ದಡ ಒಂದೇ ಥರ ಇರುವುದಿಲ್ಲ. 1964ರಲ್ಲಿ ಅಣೆಕಟ್ಟು ಮುಗಿದಾಗಿನಿಂದ ಇಲ್ಲಿನ ನೀರು ಪ್ರತಿ ವರ್ಷ ಏರುತ್ತದೆ, ಇಳಿಯುತ್ತದೆ. ಪೂರ್ತಿ ತುಂಬಿದರೆ ಮಟ್ಟ 1819 ಅಡಿ. ಒಳ್ಳೆ ಮಳೆಯಾದ ವರ್ಷ ಅಕ್ಟೋಬರ್, ನವೆಂಬರಿನಲ್ಲಿ ನೀರು ಹುಲ್ಲಿನವರೆಗೂ ಬಂದು ನಿಲ್ಲುತ್ತದೆ. ಆಗ ದಡ ಗಟ್ಟಿ, ಇಳಿಯಬೇಕಾದ ದೂರವೂ ಕಡಿಮೆ. ಏಪ್ರಿಲ್, ಮೇ ಬಂದರೆ ಕಥೆಯೇ ಬೇರೆ. ನೀರು ಎಲ್ಲೋ ದೂರಕ್ಕೆ ಸರಿದಿರುತ್ತದೆ. ಮಧ್ಯದಲ್ಲಿ ಕೆಂಪು ಮಣ್ಣಿನ ಬಯಲು, ಮುಳುಗಿದ ಕಾಡಿನ ಮರದ ಬೊಡ್ಡೆಗಳು, ಜಂಬಿಟ್ಟಿಗೆ ಕಲ್ಲುಗಳು. ಮಣ್ಣಿನ ಮೇಲ್ಪದರ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ನೆಲದಂತೆ ಕಾಣುತ್ತದೆ. ಕೆಳಗೆ ಮೆತ್ತನೆಯ ಹೂಳು. ಭಾರದ ಗಾಡಿ ಆ ಪದರವನ್ನು ಒಡೆದುಕೊಂಡು ಕುಸಿಯುತ್ತದೆ. ಹಾಗಾಗಿ ನನ್ನ ಆಯ್ಕೆಯಲ್ಲಿ ಗಾಡಿಯ ಶಕ್ತಿಗಿಂತ ಗಾಡಿಯ ತೂಕ ಮುಂದೆ ಬಂತು.

ತೂಕ ಅಂದಾಗ ಎಳೆಯುವ ಸರಕಿನ ಲೆಕ್ಕವೂ ಆಗಬೇಕಲ್ವಾ? ಒಬ್ಬರು ಕೂರುವ ಪ್ಲಾಸ್ಟಿಕ್ ಕಯಾಕ್ ಸುಮಾರು 20ರಿಂದ 28 ಕೆಜಿ ತೂಗುತ್ತದೆ. ಇಬ್ಬರದು 30ರಿಂದ 40. ನನ್ನ ಬಳಿ ಇರುವುದು ಇಬ್ಬರದು ಒಂದು, ಒಬ್ಬರದು ಒಂದು. ಹುಟ್ಟು, ಲೈಫ್ ಜಾಕೆಟ್, ಹಗ್ಗ, ಊಟದ ಡಬ್ಬಿ, ನೀರು ಎಲ್ಲಾ ಸೇರಿ ನೂರು ಕೆಜಿಯ ಆಸುಪಾಸು. ಟ್ರೇಲರ್ ಹಗುರವಾಗಿದ್ದರೆ ಒಟ್ಟು ಮುನ್ನೂರು ಕೆಜಿಯೊಳಗೆ ಮುಗಿಯುತ್ತದೆ. ಇಷ್ಟಕ್ಕೆ ದೊಡ್ಡ ಡೀಸೆಲ್ ಎಂಜಿನ್ ಬೇಕಾಗಿಯೇ ಇಲ್ಲ.

ಮೇಲೆ ಕ್ಯಾರಿಯರ್ ಕಟ್ಟಿ ಒಯ್ದರೆ ಆಗದೇ ಎಂದು ಮನೆಯಲ್ಲೂ ಕೇಳಿದರು. ಒಂದು ಕಯಾಕ್ ಆದರೆ ಆಗಬಹುದು. ಆದರೆ ಮಾರುತಿಯ ಜಿಮ್ನಿಯಂಥ ಗಾಡಿಯ ಟಾಪ್ ಮೇಲೆ ಹೇರಬಹುದಾದ ತೂಕ ಬರೀ 30 ಕೆಜಿ. ಕ್ಯಾರಿಯರ್ ತೂಕವೂ ಅದರಲ್ಲೇ ಸೇರುತ್ತದೆ. ಮಡಚುವ ಬಟ್ಟೆಯ ಟಾಪ್ ಇರುವ ಮಹೀಂದ್ರಾ ಥಾರ್ ಮೇಲಂತೂ ಏನೂ ಕಟ್ಟುವಂತಿಲ್ಲ. ಅದೂ ಅಲ್ಲದೆ, ನೆನೆದ ಕಯಾಕನ್ನು ತಲೆಯ ಮೇಲಿನವರೆಗೆ ಎತ್ತಲು ಇಬ್ಬರು ಗಟ್ಟಿ ಆಳು ಬೇಕು. ನನ್ನ ಜೊತೆ ಬರುವವರು ಹೆಂಡತಿ, ಮಕ್ಕಳು. ಸೊಂಟದ ಎತ್ತರದ ಟ್ರೇಲರ್ ಆದರೆ ಅವರೂ ಕೈ ಹಾಕುತ್ತಾರೆ.

ಗಾಡಿಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಮಲೆನಾಡಿನಲ್ಲಿ ಜೀಪು ಹೊಸದಲ್ಲ. ಅಡಿಕೆ ತೋಟ, ಕಾಫಿ ತೋಟ ಇದ್ದ ಕಡೆಯೆಲ್ಲ ಹಳೆಯ ಮಹೀಂದ್ರಾ ಜೀಪುಗಳು ಇವತ್ತಿಗೂ ದುಡಿಯುತ್ತಿವೆ. ಅವನ್ನು ರಿಪೇರಿ ಮಾಡುವವರು ತೀರ್ಥಹಳ್ಳಿ, ಹೊಸನಗರ ಎಲ್ಲಾ ಕಡೆ ಸಿಗುತ್ತಾರೆ. ತೋಟದೊಳಗೆ ಮಾತ್ರ ಓಡಿಸುವುದಾದರೆ ನಾನೂ ಅದನ್ನೇ ಕೊಳ್ಳುತ್ತಿದ್ದೆ. ಆದರೆ ಮಕ್ಕಳನ್ನು ಕೂರಿಸಿಕೊಂಡು, ಹಿಂದೆ ಟ್ರೇಲರ್ ಕಟ್ಟಿಕೊಂಡು ಹೈವೇಗೆ ಇಳಿಯಬೇಕು ಅಂದಾಗ ಬ್ರೇಕು, ಸೀಟ್ ಬೆಲ್ಟು, ಏರ್‌ಬ್ಯಾಗು ಮುಖ್ಯವಾದವು.

ಮಾರುತಿಯ ಹಳೆಯ ಜಿಪ್ಸಿ ನನಗೆ ಬಹಳ ಇಷ್ಟದ ಗಾಡಿ. 1985ರಲ್ಲಿ ಬಂದದ್ದು. 1.3 ಲೀಟರ್ ಎಂಜಿನ್ನಿನದು ಹೆಚ್ಚುಕಡಿಮೆ ಒಂದು ಟನ್ ಮಾತ್ರ ತೂಗುತ್ತದೆ. ಕೆಸರಿನಲ್ಲಿ ಅಷ್ಟು ಹಗುರಾಗಿ ಓಡುವ ಗಾಡಿ ಇನ್ನೊಂದಿಲ್ಲ. ನೋಡಿದ ಹಳೆಯ ಜಿಪ್ಸಿಗಳಲ್ಲಿ ಚಾಸಿಗೆ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ತುಕ್ಕು ಹಿಡಿದಿತ್ತು. ನಮ್ಮ ಮಳೆಗೆ ಅದು ಸಹಜ. ಟ್ರೇಲರ್ ಕಟ್ಟುವ ಹುಕ್ ಕೂರಿಸುವುದೇ ಚಾಸಿಗೆ. ಅಲ್ಲಿ ತುಕ್ಕಿದ್ದರೆ ಮುಂದೆ ಮಾತಾಡುವುದೇ ಬೇಡ.

ಥಾರ್ ಗಟ್ಟಿ ಗಾಡಿ, ಅದರಲ್ಲಿ ಎರಡು ಮಾತಿಲ್ಲ. 2020ರಲ್ಲಿ ಬಂದ ಮಾದರಿಯ 2.2 ಲೀಟರ್ ಡೀಸೆಲ್ ಎಂಜಿನ್ 300 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. 650 ಮಿಲಿಮೀಟರ್ ನೀರಿನಲ್ಲೂ ಹೋಗಬಲ್ಲದು. ಮೋಟಾರು ಕೂರಿಸಿದ ಫೈಬರ್ ದೋಣಿ ಎಳೆಯುವವರಿಗೆ ನಾನು ಥಾರ್ ಅಥವಾ ಫೋರ್ಸ್ ಕಂಪನಿಯ ಗೂರ್ಖಾ ತಗೊಳ್ಳಿ ಎಂದೇ ಹೇಳುತ್ತೇನೆ. ಅಂಥ ದೋಣಿಯನ್ನು ತೇಲಿಸಿಯೇ ಇಳಿಸಬೇಕು, ಟ್ರೇಲರನ್ನು ನೀರಿಗೆ ಮುಳುಗಿಸಲೇಬೇಕು. ಕಯಾಕಿಗೆ ಆ ಗೋಜಿಲ್ಲ. ನೀರಿನಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಕೈಯಲ್ಲಿ ಎತ್ತಿಕೊಂಡು ಹೋದರಾಯಿತು. ಅಷ್ಟಕ್ಕಾಗಿ ಜಿಮ್ನಿಗಿಂತ ಅರ್ಧ ಟನ್ ಜಾಸ್ತಿ ಭಾರದ ಗಾಡಿಯನ್ನು ಹೂಳಿನ ಮೇಲೆ ಇಳಿಸಲು ನನಗೆ ಮನಸ್ಸಾಗಲಿಲ್ಲ. ಅಗಲವೂ ಲೆಕ್ಕಕ್ಕೆ ಬಂತು. ಥಾರ್ 1820 ಮಿಲಿಮೀಟರ್, ಜಿಮ್ನಿ 1645. ಎರಡೂ ಕಡೆ ಅಗಳ ಇರುವ ನಮ್ಮ ತೋಟದ ದಾರಿಯಲ್ಲಿ ಆ ಮುಕ್ಕಾಲು ಗೇಣು ದೊಡ್ಡದು. ಥಾರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. 2023ರಿಂದ ಎಂಜಿನ್ ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಕೊಡುವ ಥಾರ್ ಕೂಡ ಬರುತ್ತಿದೆ. ನೋಡಲು ಅದೇ ಥರ. ಬೆಲೆ ಕಡಿಮೆ ಎಂದು ಸುಮ್ನೆ ತಗೊಂಡರೆ ದಡದ ಕೆಲಸಕ್ಕೆ ಆಗುವುದಿಲ್ಲ.

ಕೊನೆಗೆ ತಗೊಂಡದ್ದು ಐದು ಬಾಗಿಲಿನ ಜಿಮ್ನಿ, ಮ್ಯಾನುಯಲ್. ಎಂಜಿನ್ 1.5 ಲೀಟರ್ ಪೆಟ್ರೋಲ್, ಟಾರ್ಕ್ 134 ನ್ಯೂಟನ್ ಮೀಟರ್. ಕೇಳಿದವರೆಲ್ಲ ಇಷ್ಟು ಕಡಿಮೆ ಟಾರ್ಕಿನಲ್ಲಿ ಏನು ಎಳೆಯುತ್ತೀರಿ ಎಂದರು. ಉತ್ತರ ಇರುವುದು ಲೋ ಗೇರಿನಲ್ಲಿ. ಗೇರಿನ ಪಕ್ಕದ ಸಣ್ಣ ಲಿವರನ್ನು 4ಎಲ್‌ಗೆ (ನಾಲ್ಕೂ ಚಕ್ರ, ಲೋ ಗೇರ್) ಹಾಕಿದರೆ ಚಕ್ರಕ್ಕೆ ಹೋಗುವ ಎಳೆತ ಎರಡರಷ್ಟಾಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ. ದಡದಲ್ಲಿ ನಮಗೆ ಬೇಕಾದದ್ದು ಸರಿಯಾಗಿ ಇದೇ. ಟ್ರೇಲರ್ ಕಟ್ಟಿಕೊಂಡು ಏರಿನಲ್ಲಿ ಗಾಡಿ ಎತ್ತುವಾಗ, ರಿವರ್ಸ್ ಹೋಗುವಾಗ ನಿಧಾನವಾಗಿ ತೆವಳಬೇಕು. ಲೋ ಗೇರ್ ಇಲ್ಲದಿದ್ದರೆ ಆ ನಿಧಾನವನ್ನು ಕ್ಲಚ್ ತುಳಿದು ತರಬೇಕಾಗುತ್ತದೆ, ಕ್ಲಚ್ ಸುಡುತ್ತದೆ. ಆಲ್ ವ್ಹೀಲ್ ಡ್ರೈವ್ ಎಂದು ಬರೆದುಕೊಂಡ ಎಷ್ಟೋ ಎಸ್‌ಯುವಿಗಳಲ್ಲಿ ಈ ಲೋ ಗೇರ್ ಇರುವುದಿಲ್ಲ. ಶೋರೂಮಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಒಂದು ಮಾತು ಮರೆಯಬೇಡಿ. ಜಿಮ್ನಿ, ಜಿಪ್ಸಿ, ಥಾರ್ ಎಲ್ಲದರಲ್ಲೂ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ, ಇರುವುದು ಜಾರುವ ನೆಲಕ್ಕೆ. ಒಣ ಟಾರಿನ ಮೇಲೆ ಹಾಕಿ ತಿರುಗಿಸಿದರೆ ಮುಂದಿನ, ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಗೇರು ಹಾಳಾಗುತ್ತದೆ. ಟಾರು ಸಿಕ್ಕ ಕೂಡಲೇ 2ಎಚ್‌ಗೆ (ಎರಡೇ ಚಕ್ರಕ್ಕೆ ಎಳೆತ) ತನ್ನಿ.

ಎಳೆಯುವ ಮಿತಿ ಎಷ್ಟು? ಆಸ್ಟ್ರೇಲಿಯಾದಲ್ಲಿ ಜಿಮ್ನಿಗೆ ಬ್ರೇಕ್ ಇಲ್ಲದ ಟ್ರೇಲರ್ ಆದರೆ 350 ಕೆಜಿ, ಬ್ರೇಕ್ ಇರುವುದಾದರೆ 1300 ಕೆಜಿ ಎಂದು ಕಂಪನಿಯೇ ಹೇಳುತ್ತದೆ. ನಾನು ಆ 350ನ್ನು ಗೆರೆ ಎಂದು ಇಟ್ಟುಕೊಂಡು ಅದರೊಳಗೇ ಉಳಿದೆ. ಆದರೆ ಅಲ್ಲಿನ ಅಂಕಿ ಇಲ್ಲಿನ ಅನುಮತಿ ಅಲ್ಲ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಒಂದು ವಾಹನವೇ. ಅದಕ್ಕೂ ನೋಂದಣಿ ಬೇಕು. ಗಾಡಿಯ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು ಅದೇ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಹಾಗಾಗಿ ವೆಲ್ಡಿಂಗ್ ಶೆಡ್ಡಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ವಿಮೆಯವರಿಗೂ ಬರೆದು ಕೇಳಿ. ಇದಕ್ಕೆ ಸಮಯ ಹಿಡಿಯುತ್ತದೆ, ತಾಳ್ಮೆ ಬೇಕು. ಅಪಘಾತವಾದರೆ ಎದುರಿನವರಿಗೆ ಪರಿಹಾರ ಸಿಗುವುದು ಈ ಕಾಗದದ ಮೇಲೆ. ಅದನ್ನು ಹಗುರವಾಗಿ ತಗೊಳ್ಳಬಾರದು.

ಟ್ರೇಲರನ್ನು ಶಿವಮೊಗ್ಗದಲ್ಲಿ ಮಾಡಿಸಿದೆ. ನಮ್ಮ ಕಡೆ ಟ್ರೇಲರ್ ಮಾಡುವವರ ಕೈ ಟ್ರ್ಯಾಕ್ಟರಿಗೆ ಪಳಗಿದೆ. ಭತ್ತದ ಮೂಟೆ, ಮರಳು ಹೊರುವಂತೆ ದಪ್ಪ ಚಾನೆಲ್ ಹಾಕುತ್ತಾರೆ. ಕೆಲಸ ಗಟ್ಟಿ, ಆದರೆ ಖಾಲಿ ಟ್ರೇಲರೇ ನಮ್ಮ ಮಿತಿಯನ್ನು ತಿಂದುಬಿಡುತ್ತದೆ. ನಾನು ಮೊದಲೇ ತೂಕ ಬರೆದುಕೊಟ್ಟೆ: ಖಾಲಿ ಟ್ರೇಲರ್ 150 ಕೆಜಿ ದಾಟಬಾರದು. ಇನ್ನೊಂದು ಷರತ್ತು, ಗಾಡಿಗೆ ಸಿಕ್ಕಿಸುವ ಮುಂದಿನ ಮೂಕಿ ಉದ್ದ ಇರಬೇಕು. ಇದರಿಂದ ಎರಡು ಲಾಭ. ಒಂದು, ಗಾಡಿ ಗಟ್ಟಿ ನೆಲದಲ್ಲೇ ನಿಲ್ಲುತ್ತದೆ, ಟ್ರೇಲರ್ ಮಾತ್ರ ಮೆತ್ತನೆಯ ಕಡೆ ಹೋಗುತ್ತದೆ. ಜಿಮ್ನಿ ನೀರಿಗಿಳಿಯಬಹುದಾದ ಆಳ 300 ಮಿಲಿಮೀಟರ್ ಮಾತ್ರ, ಅದನ್ನು ಪರೀಕ್ಷೆ ಮಾಡುವ ಅಗತ್ಯವೇ ಬೀಳುವುದಿಲ್ಲ. ಎರಡು, ರಿವರ್ಸ್ ಸುಲಭ. ಮೂಕಿ ಗಿಡ್ಡವಾಗಿದ್ದರೆ ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಟ್ರೇಲರ್ ಫಟ್ ಎಂದು ಮಡಚಿಕೊಳ್ಳುತ್ತದೆ. ಉದ್ದದ ಟ್ರೇಲರ್ ನಿಧಾನವಾಗಿ ತಿರುಗುವುದರಿಂದ ಸರಿಪಡಿಸಲು ಸಮಯ ಸಿಗುತ್ತದೆ.

ಜಿಮ್ನಿಯ ಡಿಕ್ಕಿ ಬಹಳ ಚಿಕ್ಕದು. ನಾಲ್ಕು ಜನ ಕೂತರೆ ನಾಲ್ಕು ಲೈಫ್ ಜಾಕೆಟ್ಟಿಗೂ ಜಾಗ ಸಾಲದು. ಅದಕ್ಕೆ ಟ್ರೇಲರ್ ಮೇಲೆ ಒಂದು ಮುಚ್ಚಳದ ಪೆಟ್ಟಿಗೆ ಕೂರಿಸಿದ್ದೇನೆ. ಆ ಪೆಟ್ಟಿಗೆ ಎಲ್ಲಿರಬೇಕು ಎನ್ನುವುದರಲ್ಲಿ ಬಹಳ ವಿಷಯ ಇದೆ. ಟ್ರೇಲರಿನ ಒಟ್ಟು ತೂಕದಲ್ಲಿ ಹತ್ತನೇ ಒಂದು ಪಾಲು ಹುಕ್ಕಿನ ಮೇಲೆ ಬೀಳಬೇಕು. ಭಾರ ಹಿಂದಕ್ಕೆ ಹೋದರೆ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ, ಹಗುರ ಗಾಡಿಯನ್ನೂ ಜೊತೆಗೆ ಅಲ್ಲಾಡಿಸುತ್ತದೆ. ಮನೆಯಲ್ಲಿ ನಾವು ತೂಕ ನೋಡಿಕೊಳ್ಳುವ ಸಣ್ಣ ಮಾಪಕವನ್ನೇ ಮೂಕಿಯ ತುದಿಗೆ ಇಟ್ಟು ನೋಡಬಹುದು. 250 ಕೆಜಿ ಇದ್ದರೆ ಮಾಪಕ 25ರ ಹತ್ತಿರ ತೋರಿಸಬೇಕು. ನಾನು ಪೆಟ್ಟಿಗೆಯನ್ನು ಹಿಂದೆ ಮುಂದೆ ಸರಿಸಿ ಅದನ್ನು ತಂದುಕೊಂಡೆ.

ಟ್ರೇಲರಿಗೆ ಬ್ರೇಕ್ ಇಲ್ಲದಿರುವುದರಿಂದ ಹುಲಿಕಲ್, ಆಗುಂಬೆಯಂಥ ಘಾಟಿಯಲ್ಲಿ ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಬರೀ ಬ್ರೇಕ್ ಒತ್ತುತ್ತಾ ಬಂದರೆ ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಬಿಸಿಯಾಗಿ ಹಿಡಿತ ಹೋಗುತ್ತದೆ. ಹೈವೇಯಲ್ಲೂ ನಾನು 50 ದಾಟಿಸುವುದಿಲ್ಲ.

ಮೊದಲು ಸಿಗಂದೂರು ಕಡೆ ಹೋಗಬೇಕೆಂದರೆ ಲಾಂಚಿಗೆ ಕಾಯಬೇಕಿತ್ತು. ಟ್ರೇಲರ್ ಸಮೇತ ಲಾಂಚ್ ಹತ್ತುವುದನ್ನು ಯೋಚಿಸಲೂ ಆಗುತ್ತಿರಲಿಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ದಡವೂ ಹತ್ತಿರವಾಗಿದೆ. ಹಾಗೆಂದು ಎಲ್ಲಿ ಬೇಕಾದರಲ್ಲಿ ಇಳಿಯುವಂತಿಲ್ಲ. ಹಿನ್ನೀರಿನ ಸುತ್ತ ದೊಡ್ಡ ಭಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಗಾಡಿ ನುಗ್ಗಿಸಬಾರದು. ಮಳೆಗಾಲದಲ್ಲಿ ಹೊಳೆಗೂ ಬೇಡ, ಹಿನ್ನೀರಿಗೂ ಬೇಡ.

ದಡಕ್ಕೆ ಬಂದ ಮೇಲೆ ಮೊದಲು ನಾನು ಇಳಿದು ನಡೆಯುತ್ತೇನೆ. ಹಿಮ್ಮಡಿಯಿಂದ ಜೋರಾಗಿ ಒತ್ತಿದರೆ ನೆಲ ಒಳಗೆ ಹೋಗುತ್ತದೋ ಇಲ್ಲವೋ ನೋಡುತ್ತೇನೆ. ಮೇಲ್ಪದರ ಒಡೆದು ಹಸಿ ಮಣ್ಣು ಕಂಡರೆ ಅಲ್ಲಿಗೇ ನಿಲ್ಲುವುದು. ನೆಲ ಪರವಾಗಿಲ್ಲ ಅನ್ನಿಸಿದರೆ ಟೈರಿನ ಗಾಳಿಯನ್ನು 26 ಪಿಎಸ್‌ಐಯಿಂದ 18ರ ಆಸುಪಾಸಿಗೆ ಇಳಿಸುತ್ತೇನೆ. ಟೈರ್ ಅಗಲವಾಗಿ ಕೂರುತ್ತದೆ, ಹೂಳಿನಲ್ಲಿ ಹೂತುಕೊಳ್ಳುವುದು ಕಡಿಮೆ. ಮತ್ತೆ ಗಾಳಿ ತುಂಬಲು ಸಣ್ಣ ಪಂಪು ಗಾಡಿಯಲ್ಲೇ ಇರುತ್ತದೆ. ಗಾಳಿ ತುಂಬದೆ ಟಾರಿಗೆ ಹತ್ತುವುದಿಲ್ಲ. ಆಮೇಲೆ ಮಕ್ಕಳು ದೂರ ನಿಲ್ಲುತ್ತಾರೆ, ಹೆಂಡತಿ ಹಿಂದೆ ಬೊಡ್ಡೆ ನೋಡಿಕೊಂಡು ಕೈ ತೋರಿಸುತ್ತಾಳೆ. 4ಎಲ್ ಹಾಕಿ ರಿವರ್ಸ್.

ಎಷ್ಟೇ ಜೋಪಾನ ಮಾಡಿದರೂ ಟ್ರೇಲರಿನ ಚಕ್ರ ಕೆಲವೊಮ್ಮೆ ನೀರಿಗೆ ತಾಕುತ್ತದೆ. ದೂರ ಓಡಿ ಬಂದಾಗ ಬೇರಿಂಗ್ ಬಿಸಿಯಾಗಿರುತ್ತದೆ. ಹಾಗೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಹಗ್ಗ ಬಿಚ್ಚಿ, ಜಾಕೆಟ್ ಹಾಕಿಕೊಳ್ಳುವಷ್ಟು ಹೊತ್ತು ಟ್ರೇಲರ್ ದಡದಲ್ಲೇ ಆರಲಿ. ಲೈಟಿನ ಪ್ಲಗ್ಗನ್ನೂ ಆಗಲೇ ಕಿತ್ತಿಡಿ. ನೀರಿಗೆ ಕರಗದ ಮರೈನ್ ಗ್ರೀಸ್ ಸಿಗುತ್ತದೆ, ಬೇರಿಂಗಿಗೆ ಅದನ್ನೇ ತುಂಬಿಸಿ. ಮಳೆಗಾಲ ಮುಗಿದು ಟ್ರೇಲರ್ ಹೊರಗೆ ತೆಗೆಯುವ ಮೊದಲು ಎರಡೂ ಚಕ್ರ ಬಿಚ್ಚಿಸಿ ಒಮ್ಮೆ ನೋಡಿಸಿ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದೇ ಅರ್ಥ. ಆಗ ಹಳೆಯದನ್ನು ಪೂರ್ತಿ ತೊಳೆದು, ಸೀಲ್ ಬದಲಿಸಿ, ಹೊಸ ಗ್ರೀಸ್ ತುಂಬಿಸಬೇಕು.