ನಕ್ಷೆಗೆ ಬಣ್ಣ ತುಂಬುವ ಮೊದಲು ಭಾಗಾಕಾರ ಮಾಡಿ

ಹುಬ್ಬಳ್ಳಿ-ಧಾರವಾಡದ ಕಾಲೇಜು ಪ್ರದರ್ಶನಗಳಲ್ಲಿ ಈಗ ಬಣ್ಣದ ನಕ್ಷೆ ಇಲ್ಲದ ಪ್ರಾಜೆಕ್ಟ್ ಅಪರೂಪ. ಬೈಕ್ ಎಷ್ಟು, ಮೊಬೈಲ್ ಎಷ್ಟು, ಅಂಗಡಿ ಎಷ್ಟು ಎಂದು ಏನನ್ನೇ ತೋರಿಸಲಿ, ಹುಬ್ಬಳ್ಳಿ ಮಾತ್ರ ಕಡುಗೆಂಪು. ಜನ ಜಾಸ್ತಿ ಇರುವ ಕಡೆ ಎಲ್ಲವೂ ಜಾಸ್ತಿ ಇರುತ್ತದೆ, ಅಲ್ವಾ? ಅದನ್ನು ಹೇಳಲು ಇಷ್ಟೆಲ್ಲ ಕಷ್ಟಪಡಬೇಕಿಲ್ಲ.

ಮೊದಲು ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಉಚಿತ. ತಾಲೂಕು ಗಡಿಗಳ ಫೈಲ್ ತೆರೆಯಿರಿ. ಕಂಬ ಎಬ್ಬಿಸುವ ತ್ರೀಡಿ ನಕ್ಷೆಗಳ ಸಹವಾಸ ಬೇಡ. ಮುಂದಿನ ಕಂಬ ಹಿಂದಿನದನ್ನು ಮುಚ್ಚುತ್ತದೆ, ಯಾರಿಗೂ ಏನೂ ಕಾಣುವುದಿಲ್ಲ.

ಎರಡನೆಯದು, ಅಂಕಿಅಂಶದ ಪಟ್ಟಿಯನ್ನು ಗಡಿ ಫೈಲಿಗೆ ಜೋಡಿಸುವುದು, ಅಂದರೆ ಜಾಯಿನ್. ಅರ್ಧ ಜನ ಇಲ್ಲೇ ಸುಸ್ತಾಗುತ್ತಾರೆ. 2011ರ ಜನಗಣತಿಯಲ್ಲಿ ಇಂಗ್ಲಿಷಿನ ಹಳೆಯ ಕಾಗುಣಿತದ 'ಹುಬ್ಲಿ' ಇದೆ. 2014ರ ನವೆಂಬರ್ 1ರ ನಂತರದ ಕಡತಗಳಲ್ಲಿ 'ಹುಬ್ಬಳ್ಳಿ'. ಕಂಪ್ಯೂಟರಿಗೆ ಇವು ಎರಡು ಬೇರೆ ಊರು. ಹೆಸರಿನ ಕೊನೆಗೆ ಒಂದು ಸ್ಪೇಸ್ ಉಳಿದಿದ್ದರೂ ತಾಲೂಕು ಖಾಲಿ ಕಾಣುತ್ತದೆ. ಹೆಸರನ್ನು ನಂಬಬೇಡಿ, ಜನಗಣತಿಯ ಕೋಡ್ ನಂಬರಿನಿಂದ ಜೋಡಿಸಿ. ಗಡಿಯೂ ಆ ವರ್ಷದ್ದೇ ಇರಲಿ. 2011ರಲ್ಲಿ ಗದಗ ಜಿಲ್ಲೆಗೆ ಐದೇ ತಾಲೂಕು. ಗಜೇಂದ್ರಗಡ ಆಗ ರೋಣದಲ್ಲಿತ್ತು, ಲಕ್ಷ್ಮೇಶ್ವರ ಶಿರಹಟ್ಟಿಯಲ್ಲಿತ್ತು. ಧಾರವಾಡ ಜಿಲ್ಲೆಯ ಅಣ್ಣಿಗೇರಿ ಆಗ ನವಲಗುಂದದ ಭಾಗ. ಈಗಿನ ಗಡಿಯ ಮೇಲೆ ಆಗಿನ ಅಂಕಿ ಹಾಕಿದರೆ ಹೊಸ ತಾಲೂಕುಗಳಲ್ಲಿ ಜನರೇ ಇಲ್ಲ ಅನ್ನಿಸುತ್ತದೆ.

ಇನ್ನು ಭಾಗಾಕಾರ, ಅಂದರೆ ಒಟ್ಟು ಸಂಖ್ಯೆಯನ್ನು ಜನಸಂಖ್ಯೆ, ಎಕರೆಯಂಥ ಅಳತೆಯಿಂದ ಭಾಗಿಸುವುದು. ಒಂದು ಲೆಕ್ಕ ನೋಡಿ. 2011ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು 18.5 ಲಕ್ಷ, ಹಾವೇರಿಯದು 16 ಲಕ್ಷ, ಗದಗದ್ದು 10.6 ಲಕ್ಷ. ಓದು ಬರಹ ಬಾರದವರ ತಲೆ ಎಣಿಸಿ ಬಣ್ಣ ಹಚ್ಚಿದರೆ ಧಾರವಾಡ ಗಾಢವಾಗಿ, ಗದಗ ತಿಳಿಯಾಗಿ ಬರುತ್ತದೆ. ಗದಗದವರೇ ವಾಸಿ ಅನ್ನಬೇಕು! ಆದರೆ ಸಾಕ್ಷರತೆ ಧಾರವಾಡದಲ್ಲಿ ಶೇ 80, ಹಾವೇರಿಯಲ್ಲಿ ಶೇ 77, ಗದಗದಲ್ಲಿ ಶೇ 75. ಶೇಕಡಾ ಲೆಕ್ಕದಲ್ಲಿ ಬಣ್ಣ ತುಂಬಿದರೆ ನಕ್ಷೆ ಪೂರ್ತಿ ತಿರುವುಮುರುವು. ಯಾವುದರಿಂದ ಭಾಗಿಸುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಸಾಕ್ಷರತೆಯ ಲೆಕ್ಕ ಏಳು ವರ್ಷ ಮತ್ತು ಮೇಲ್ಪಟ್ಟವರದ್ದು. ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ ತೊಟ್ಟಿಲ ಕೂಸನ್ನೂ ಅನಕ್ಷರಸ್ಥರ ಪಟ್ಟಿಗೆ ಸೇರಿಸಿದಂತೆ. ಬೆಳೆಗೂ ಇದೇ ನಿಯಮ. ಬ್ಯಾಡಗಿ, ಕುಂದಗೋಳದ ಮೆಣಸಿನಕಾಯಿ ಹೋಲಿಸುವಾಗ ಒಟ್ಟು ಕ್ವಿಂಟಲ್ ಬೇಡ, ಎಕರೆಗೆ ಎಷ್ಟು ಅಂತ ನೋಡಿ. ಮಾರುಕಟ್ಟೆಗೆ ಬಂದ ಮಾಲನ್ನಂತೂ ಊರಿನ ಬೆಳೆ ಅಂದುಕೊಳ್ಳಬೇಡಿ. ಬ್ಯಾಡಗಿ ಪೇಟೆಗೆ ಬಳ್ಳಾರಿ, ಆಂಧ್ರದ ಕಾಯಿಯೂ ಬರುತ್ತದೆ.

ಒಟ್ಟು ಸಂಖ್ಯೆಯನ್ನೇ ತೋರಿಸಬೇಕು ಎಂದರೆ ಬಣ್ಣ ಬಿಟ್ಟು ವೃತ್ತ ಇಡಿ. ಸಂಖ್ಯೆ ನಾಲ್ಕು ಪಟ್ಟಾದರೆ ವೃತ್ತದ ಅಗಲ ಎರಡೇ ಪಟ್ಟು. ಅಗಲವನ್ನೂ ನಾಲ್ಕು ಪಟ್ಟು ಮಾಡಿದರೆ ಕಣ್ಣಿಗೆ ಹದಿನಾರು ಪಟ್ಟು ಕಾಣುತ್ತದೆ.

ಬಣ್ಣದ ಗುಂಪು ನಾಲ್ಕೋ ಐದೋ ಸಾಕು. ಒಂದೇ ಬಣ್ಣ, ತಿಳಿಯಿಂದ ಗಾಢಕ್ಕೆ. ಕೆಂಪು-ಹಸಿರು ಜೋಡಿ ಬೇಡವೇ ಬೇಡ, ಅವೆರಡರ ವ್ಯತ್ಯಾಸ ಕಾಣದವರು ಇದ್ದಾರೆ. ಗುಂಪಿನ ಗಡಿ ಎಲ್ಲಿ ಬೀಳುತ್ತದೆ ಅನ್ನುವುದನ್ನು ತಂತ್ರಾಂಶಕ್ಕೆ ಬಿಟ್ಟು ಸುಮ್ನೆ ಕೂರಬೇಡಿ. ಶೇ 74.9 ಒಂದು ಬಣ್ಣ, 75.1 ಇನ್ನೊಂದು ಬಣ್ಣವಾದರೆ ಇಲ್ಲದ ಜಗಳ ಹುಟ್ಟುತ್ತದೆ. ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದು, ಅಂತರ ಜಾಸ್ತಿ ಇರುವ ಕಡೆ ನೀವೇ ಗೆರೆ ಹಾಕಿ.

ನನ್ನ ಕೇಳಿದರೆ ಜನಗಣತಿಗಿಂತ ರುಚಿಯಾದ ವಿಷಯ ನೀರು. ಅವಳಿನಗರದ 82 ವಾರ್ಡುಗಳಲ್ಲಿ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ಗೆಳೆಯರಿಂದ ಕೇಳಿ ಬರೆದುಕೊಳ್ಳಿ. ಇದಕ್ಕೆ ಭಾಗಾಕಾರವೂ ಬೇಡ. ಉತ್ತರ ಸಿಗದ ವಾರ್ಡಿಗೆ ಬಿಳಿ ಬೇಡ, ಗೆರೆ ಎಳೆದ ಬೂದು ಹಾಕಿ. ಬಿಳಿ ಬಿಟ್ಟರೆ ಅಲ್ಲಿ ದಿನಾ ನೀರು ಬರುತ್ತದೆ ಎಂದು ಓದಿಕೊಳ್ಳುತ್ತಾರೆ.

ಕೊನೆಗೆ ಒಂದು ಕಪ್ಪು-ಬಿಳುಪು ಜೆರಾಕ್ಸ್ ತೆಗೆಸಿ. ಅದರಲ್ಲಿ ಗುಂಪುಗಳು ಬೇರೆ ಬೇರೆ ಕಾಣದಿದ್ದರೆ ಬಣ್ಣ ಬದಲಿಸಿ. ಅಂಕಿಯ ವರ್ಷವನ್ನು ನಕ್ಷೆಯ ಮೇಲೆಯೇ, ದೊಡ್ಡದಾಗಿ ಬರೆಯಿರಿ.