ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎನ್‌ಕ್ವಾಸ್ ಪ್ರಮಾಣಪತ್ರ: ಸಿದ್ಧತೆ ಎಲ್ಲಿಂದ, ಹೇಗೆ?

ಸರ್ಕಾರಿ ಆಸ್ಪತ್ರೆಯ ಸೇವೆ ಯಾವ ಮಟ್ಟದಲ್ಲಿರಬೇಕು ಎಂಬುದನ್ನು ಅಂಕಗಳಲ್ಲಿ ಅಳೆಯುವ ವ್ಯವಸ್ಥೆಯೊಂದನ್ನು ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಜಾರಿಗೆ ತಂದಿತು. ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡ ಎಂಬುದು ಪೂರ್ಣ ಹೆಸರಾದರೂ ಇಲಾಖೆಯಲ್ಲಿ ಎಲ್ಲರ ಬಾಯಲ್ಲೂ ಅದು ಎನ್‌ಕ್ವಾಸ್. ಮೊದಲು ಜಿಲ್ಲಾ ಆಸ್ಪತ್ರೆಗಳಿಗೆಂದು ರೂಪುಗೊಂಡ ಈ ಮಾನದಂಡ ಈಗ ಉಪಕೇಂದ್ರದವರೆಗೂ ತಲುಪಿದೆ. ಬಯಲು ಪ್ರದೇಶದಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನಸಂಖ್ಯೆಗೆ ಒಂದರಂತೆ ಇರಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಹಳ್ಳಿಯ ಬಡವರಿಗೆ ಮೊದಲ ಆಸ್ಪತ್ರೆ, ಎಷ್ಟೋ ಸಲ ಏಕೈಕ ಆಸ್ಪತ್ರೆ. ಆದ್ದರಿಂದ ಅಲ್ಲಿನ ವೈದ್ಯಾಧಿಕಾರಿ, ಸಿಬ್ಬಂದಿ ಹಾಗೂ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಇದಕ್ಕೆ ಹೇಗೆ ಸಿದ್ಧರಾಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ತಪಾಸಣಾ ಪಟ್ಟಿಯನ್ನು ಕೈಗೆತ್ತಿಕೊಳ್ಳಿ

ಮಾನದಂಡಗಳನ್ನು ಎಂಟು ವಿಭಾಗಗಳಲ್ಲಿ ಜೋಡಿಸಲಾಗಿದೆ: ಸೇವೆಗಳ ಲಭ್ಯತೆ, ರೋಗಿಯ ಹಕ್ಕುಗಳು, ಮೂಲಸೌಕರ್ಯ ಮತ್ತು ಸಿಬ್ಬಂದಿ, ಪೂರಕ ಸೇವೆಗಳು, ಚಿಕಿತ್ಸಾ ಸೇವೆಗಳು, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ ಮತ್ತು ಫಲಿತಾಂಶ. ಹೊರರೋಗಿ ವಿಭಾಗ, ಹೆರಿಗೆ ಕೊಠಡಿ, ಪ್ರಯೋಗಾಲಯ ಮುಂತಾದ ಒಂದೊಂದಕ್ಕೂ ಪ್ರತ್ಯೇಕ ತಪಾಸಣಾ ಪಟ್ಟಿ ಇದೆ. ಪ್ರತಿ ಅಂಶಕ್ಕೂ ಪೂರ್ಣ ಪಾಲನೆಗೆ 2, ಭಾಗಶಃ ಪಾಲನೆಗೆ 1, ಪಾಲಿಸದಿದ್ದರೆ 0 ಅಂಕ. ಮೌಲ್ಯಮಾಪಕರು ನಾಲ್ಕು ದಾರಿಗಳಿಂದ ಸತ್ಯವನ್ನು ತಿಳಿಯುತ್ತಾರೆ: ಕಣ್ಣಾರೆ ನೋಡುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ದಾಖಲೆ ತೆರೆಯುತ್ತಾರೆ, ರೋಗಿಗಳೊಂದಿಗೆ ಮಾತನಾಡುತ್ತಾರೆ.

ವೈದ್ಯಾಧಿಕಾರಿಯ ನೇತೃತ್ವದಲ್ಲಿ ಗುಣಮಟ್ಟ ತಂಡವೊಂದನ್ನು ರಚಿಸಿ, ಅದರಲ್ಲಿ ಶುಶ್ರೂಷಣಾಧಿಕಾರಿ, ಫಾರ್ಮಸಿ ಅಧಿಕಾರಿ, ಪ್ರಯೋಗಾಲಯ ತಂತ್ರಜ್ಞರ ಜೊತೆಗೆ ಗ್ರೂಪ್ ಡಿ ನೌಕರರನ್ನೂ ಸೇರಿಸಿಕೊಳ್ಳಿ. ಬಳಿಕ ಇದೇ ಪಟ್ಟಿಯನ್ನು ಹಿಡಿದು ನಿಮ್ಮ ಕೇಂದ್ರಕ್ಕೆ ನೀವೇ ಅಂಕ ಕೊಡಿ. ಇಲ್ಲಿ ಉದಾರತೆ ಬೇಡ. ಮೊದಲ ಸುತ್ತಿನಲ್ಲಿ ಅಂಕ ತೀರಾ ಕಡಿಮೆ ಬಂದರೂ ಎದೆಗುಂದಬೇಕಿಲ್ಲ. ಯಾವ ಕೊರತೆ ಎಲ್ಲಿದೆ ಎಂಬುದು ಸ್ಪಷ್ಟವಾದರೆ ಅಷ್ಟೇ ಸಾಕು.

ಕೊರತೆಗಳನ್ನು ಬೇರ್ಪಡಿಸಿ

ಸಿಕ್ಕ ಕೊರತೆಗಳನ್ನು ಮೂರು ಗುಂಪು ಮಾಡುವುದು ಒಳ್ಳೆಯದು. ಕೇಂದ್ರದಲ್ಲೇ ಸರಿಪಡಿಸಬಹುದಾದವು, ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಆಗುವಂಥವು, ಜಿಲ್ಲೆಯಿಂದ ಮಂಜೂರಾಗಬೇಕಾದವು. ಪ್ರತಿಯೊಂದರ ಮುಂದೆ ಹೊಣೆ ಹೊತ್ತವರ ಹೆಸರು ಮತ್ತು ಗಡುವು ಇರಲಿ. ಬಹಳಷ್ಟು ಕಡೆ ಬಣ್ಣ ಬಳಿಸುವುದರಿಂದ, ಫಲಕ ಬರೆಸುವುದರಿಂದ ಕೆಲಸ ಶುರುವಾಗುತ್ತದೆ. ಫಲಕವೂ ಬೇಕು, ನಿಜ. ಆದರೆ ಹೆರಿಗೆ ಕೊಠಡಿ ಮತ್ತು ಸೋಂಕು ನಿಯಂತ್ರಣದಿಂದ ಶುರು ಮಾಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿನ ತಪ್ಪಿಗೆ ತಾಯಿ, ಮಗು ಬೆಲೆ ತೆರಬೇಕಾಗುತ್ತದೆ.

ಒಂದು ಉದಾಹರಣೆ. ನೆಲದ ಮೇಲೆ ರಕ್ತ ಚೆಲ್ಲಿದರೆ ಏನು ಮಾಡುತ್ತೀರಿ ಎಂದು ಮೌಲ್ಯಮಾಪಕರು ವೈದ್ಯರನ್ನಲ್ಲ, ಸ್ವಚ್ಛತಾ ಸಿಬ್ಬಂದಿಯನ್ನು ಕೇಳುತ್ತಾರೆ. ಕೈಗವಸು ಧರಿಸಿ, ಹೀರುವ ಬಟ್ಟೆಯಿಂದ ಮುಚ್ಚಿ, ಕ್ಲೋರಿನ್ ದ್ರಾವಣ ಸುರಿದು, ಕನಿಷ್ಠ 10 ನಿಮಿಷ ಬಿಟ್ಟು ನಂತರ ತೆಗೆಯುತ್ತೇನೆ ಎಂದು ಆಕೆ ಹೇಳಬಲ್ಲವಳಾಗಿರಬೇಕು. ಶೇ 0.5ರ ದ್ರಾವಣಕ್ಕೆ ಲೀಟರ್ ನೀರಿಗೆ ಸುಮಾರು 15 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಬೇಕೆಂಬುದು, ಅದನ್ನು ದಿನವೂ ಹೊಸದಾಗಿ ತಯಾರಿಸಬೇಕೆಂಬುದು ಆಕೆಗೆ ಗೊತ್ತಿರಬೇಕು. ಗೊತ್ತಾಗಬೇಕಾದರೆ ಯಾರಾದರೂ ಪಕ್ಕದಲ್ಲಿ ನಿಂತು ಮಾಡಿ ತೋರಿಸಿರಬೇಕು. ಗೋಡೆಗೆ ಅಂಟಿಸಿದ ಭಿತ್ತಿಪತ್ರದಿಂದ ಅದು ಆಗುವುದಿಲ್ಲ.

ತ್ಯಾಜ್ಯದ ವಿಷಯದಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೇ ಅಳತೆಗೋಲು. ರಕ್ತಸಿಕ್ತ ಹತ್ತಿ, ಮಾಸುಚೀಲ ಹಳದಿಗೆ. ಪ್ಲಾಸ್ಟಿಕ್ ಕೊಳವೆಗಳು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಲಾಗದ ಬಿಳಿ ಡಬ್ಬಿಗೆ. ಗಾಜಿನ ಸೀಸೆಗಳು ನೀಲಿಗೆ.

ದಾಖಲೆ ಮತ್ತು ನಿತ್ಯದ ಕೆಲಸ ಒಂದೇ ಆಗಿರಲಿ

ಪ್ರತಿ ಮುಖ್ಯ ಕೆಲಸಕ್ಕೂ ಲಿಖಿತ ಕಾರ್ಯವಿಧಾನ ಬೇಕು. ಬೇರೆ ಕೇಂದ್ರದ ಕಡತವನ್ನು ನಕಲು ಮಾಡಿ ಹೆಸರು ಬದಲಿಸುವ ಅಭ್ಯಾಸವನ್ನು ದಯವಿಟ್ಟು ಕೈಬಿಡಿ. ನಿಮ್ಮಲ್ಲಿಲ್ಲದ ಯಂತ್ರದ ಹೆಸರು ನಿಮ್ಮ ಕಡತದಲ್ಲಿ ಕಂಡ ಕೂಡಲೇ ಉಳಿದ ದಾಖಲೆಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಲಸಿಕೆ ಇಡುವ ಐಎಲ್‌ಆರ್ ಎಂಬ ವಿಶೇಷ ಫ್ರಿಜ್‌ನ ಉಷ್ಣಾಂಶ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು, ದಿನಕ್ಕೆರಡು ಬಾರಿ ಬರೆಯಬೇಕು. ತಿಂಗಳಿಡೀ ಒಂದೇ ಅಂಕಿ, ಒಂದೇ ಶಾಯಿ ಇದ್ದರೆ ಅದು ಒಂದೇ ದಿನ ಕುಳಿತು ತುಂಬಿದ್ದೆಂದು ಯಾರಿಗಾದರೂ ತಿಳಿಯುತ್ತದೆ. ವಿದ್ಯುತ್ ಹೋದ ದಿನ ಉಷ್ಣಾಂಶ ಏರಿದ್ದರೆ ಅದನ್ನೂ, ಆಗ ಕೈಗೊಂಡ ಕ್ರಮವನ್ನೂ ಬರೆದಿಡಿ.

ರೋಗಿಗಳ ಅಭಿಪ್ರಾಯ ಸಂಗ್ರಹ, ಔಷಧ ಚೀಟಿಗಳ ಪರಿಶೀಲನೆ, ತಂಡದ ಮಾಸಿಕ ಸಭೆಯ ನಡಾವಳಿ ತಪ್ಪದೆ ನಡೆಯಲಿ. ಹಿಂದಿನ ಸಭೆಯ ತೀರ್ಮಾನ ಏನಾಯಿತು ಎಂಬುದು ಮುಂದಿನ ನಡಾವಳಿಯಲ್ಲಿ ಕಾಣಬೇಕು.

ಅರ್ಜಿ, ಮೌಲ್ಯಮಾಪನ, ಆನಂತರ

ಆಂತರಿಕ ಅಂಕ ಶೇ 70 ದಾಟಿ ಸ್ಥಿರವಾದ ಮೇಲೆ ಜಿಲ್ಲಾ ಗುಣಮಟ್ಟ ಘಟಕದ ಮೂಲಕ ರಾಜ್ಯ ಮಟ್ಟದ ಮೌಲ್ಯಮಾಪನಕ್ಕೆ ಕೋರಬೇಕು. ಅದರಲ್ಲಿ ತೇರ್ಗಡೆಯಾದರೆ ರಾಜ್ಯವೇ ಅರ್ಜಿಯನ್ನು ಕೇಂದ್ರ ಸರ್ಕಾರಕ್ಕೆ ಕಳುಹಿಸುತ್ತದೆ. ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಗಳ ಸಂಪನ್ಮೂಲ ಕೇಂದ್ರ ದಾಖಲೆಗಳನ್ನು ಪರಿಶೀಲಿಸಿ, ಹೊರ ರಾಜ್ಯದ ಮೌಲ್ಯಮಾಪಕರನ್ನು ನಿಯೋಜಿಸುತ್ತದೆ. ಒಟ್ಟು ಅಂಕ ಮಾತ್ರವಲ್ಲ, ಪ್ರತಿ ವಿಭಾಗದ ಅಂಕವನ್ನೂ ಬೇರೆಯಾಗಿ ನೋಡುವುದರಿಂದ ಪ್ರಯೋಗಾಲಯದ ಹೆಚ್ಚುವರಿ ಅಂಕ ಹೆರಿಗೆ ಕೊಠಡಿಯ ಕೊರತೆಯನ್ನು ತುಂಬುವುದಿಲ್ಲ.

ಪ್ರಮಾಣಪತ್ರದ ಅವಧಿ ಮೂರು ವರ್ಷ. ಅದರೊಂದಿಗೆ ಬರುವ ಪ್ರೋತ್ಸಾಹಧನದಲ್ಲಿ ಶೇ 75 ಆರೋಗ್ಯ ಕೇಂದ್ರದ ಸುಧಾರಣೆಗೆ, ಶೇ 25 ಸಿಬ್ಬಂದಿಗೆ ಮೀಸಲು. ನಡುವಿನ ವರ್ಷಗಳಲ್ಲಿ ರಾಜ್ಯದ ತಂಡ ಮರುಪರಿಶೀಲಿಸುತ್ತದೆ. ಪಿಎಚ್‌ಸಿಗಳಲ್ಲಿ ಗುಣಮಟ್ಟ ಕುಸಿಯುವುದು ಹೆಚ್ಚಾಗಿ ವರ್ಗಾವಣೆಯ ನಂತರ. ಹೊಸದಾಗಿ ಬಂದ ಶುಶ್ರೂಷಣಾಧಿಕಾರಿಗೆ ಮೊದಲ ವಾರದಲ್ಲೇ ತಪಾಸಣಾ ಪಟ್ಟಿಯನ್ನು ಕೊಟ್ಟು, ತನ್ನ ವಿಭಾಗಕ್ಕೆ ತಾನೇ ಅಂಕ ಹಾಕಲು ಹೇಳಿ. ಮರುಪ್ರಮಾಣೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಮುನ್ನವೇ ಸಲ್ಲಿಸಬೇಕಾದ್ದರಿಂದ ಆ ದಿನಾಂಕವನ್ನು ಕಚೇರಿಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ.