ಎಂಜಿನ್ ದೀಪ ಉರಿದಾಗ ನಾನು ಮೊದಲು ಮಾಡಿದ ತಪ್ಪು

ನನ್ನ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಾಗ ಓಟದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಗಾಡಿ ನಿಂತಿದ್ದಾಗ ಮಾತ್ರ ಎಂಜಿನ್ ಸಣ್ಣಗೆ ಅದುರುತ್ತಿತ್ತು. ದೀಪ ಮಿಟುಕದೆ ಒಂದೇ ಸಮನೆ ಉರಿಯುತ್ತಿದ್ದುದರಿಂದ ನಾನು ಗಾಬರಿಪಡಲಿಲ್ಲ. ಮಿಟುಕುತ್ತಿದ್ದರೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ತೀವ್ರವಾಗಿದೆ ಎಂದರ್ಥ. ಉರಿಯದೆ ಉಳಿದ ಪೆಟ್ರೋಲ್ ಹೊಗೆಯ ಜೊತೆ ಹೋಗಿ, ಆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕೆಡಿಸುವುದರಿಂದ, ಆಗ ಗಾಡಿ ಓಡಿಸದಿರುವುದೇ ಲೇಸು.

ಸ್ಟಿಯರಿಂಗ್ ಕೆಳಗಿನ 16 ಪಿನ್‌ಗಳ ಸಾಕೆಟ್ಟಿಗೆ ದೋಷದ ಕೋಡ್ ಓದುವ ಸ್ಕ್ಯಾನರ್ ಜೋಡಿಸಿದಾಗ ಪಿ0171 ಎಂಬ ಕೋಡ್ ಬಂತು: ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ. ಈ ವರದಿ ಕೊಡುವುದು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಆದ್ದರಿಂದ, ಅದೇ ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸದನ್ನು ಹಾಕಿ ಕೋಡ್ ಅಳಿಸಿದೆ. ನಾಲ್ಕನೆಯ ದಿನ ದೀಪ ಮತ್ತೆ ಬಂತು. ಹುತ್ತ ಬಡಿದಿದ್ದೆ, ಹಾವು ಒಳಗೇ ಇತ್ತು.

ಆಮೇಲೆ, ಮೊದಲೇ ನೋಡಬೇಕಾಗಿದ್ದ ಫ್ಯೂಯಲ್ ಟ್ರಿಮ್ ನೋಡಿದೆ. ಕೊರತೆ ತುಂಬಲು ಕಂಪ್ಯೂಟರ್ ಶೇಕಡಾ ಎಷ್ಟು ಹೆಚ್ಚುವರಿ ಇಂಧನ ಸೇರಿಸುತ್ತಿದೆ ಎಂಬ ಲೆಕ್ಕವದು. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಶೇ. 22 ಇದ್ದದ್ದು, 2500 ಆರ್‌ಪಿಎಂಗೆ ಏರಿಸಿದಾಗ ಶೇ. 6ಕ್ಕೆ ಇಳಿಯಿತು. ಐಡಲ್‌ನಲ್ಲಿ ಮ್ಯಾನಿಫೋಲ್ಡ್‌ನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ನಿರ್ವಾತ ಬಲವಾಗಿದ್ದು, ಎಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿ ಕಡಿಮೆಯಿರುವುದರಿಂದ, ಎಲ್ಲಾದರೂ ಬಿರುಕಿದ್ದರೆ ಅದರಿಂದ ನುಸುಳುವ ಗಾಳಿಯ ಪಾಲು ದೊಡ್ಡದಾಗುತ್ತದೆ. ವೇಗ ಏರಿದಂತೆ ಆ ಪಾಲು ಗೌಣವಾಗುತ್ತದೆ. ಇಂಧನ ಪಂಪ್ ದುರ್ಬಲವಾಗಿದ್ದರೆ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ, ಎಂಜಿನ್ನಿನ ಮೇಲೆ ಭಾರ ಬಿದ್ದಾಗ ಕೊರತೆ ಹೆಚ್ಚುತ್ತದೆ. ಮ್ಯಾನಿಫೋಲ್ಡ್‌ನ ಹಿಂದಿನ ರಬ್ಬರ್ ಪೈಪು ಬಾಗುವ ಜಾಗದಲ್ಲಿ ಸೀಳಿತ್ತು, ಬೆರಳಿನಿಂದ ಒತ್ತಿದರೆ ಮಾತ್ರ ಬಾಯಿ ಬಿಡುವಷ್ಟು. ಪೈಪು ಬದಲಾಯಿಸಿದ ಮೇಲೆ ಟ್ರಿಮ್ ಶೇ. 3ರ ಆಸುಪಾಸಿಗೆ ಬಂತು.

ಮುಂದೆ ಪಿ0302, ಅಂದರೆ ಎರಡನೆಯ ಸಿಲಿಂಡರಿನ ಮಿಸ್‌ಫೈರ್ ಬಂದಾಗ ಏನನ್ನೂ ಕೊಳ್ಳದೆ, ಅಲ್ಲಿನ ಇಗ್ನಿಷನ್ ಕಾಯಿಲನ್ನು (ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಕೊಡುವ ಭಾಗ) ಮೂರನೆಯದರ ಕಾಯಿಲ್‌ನೊಡನೆ ಅದಲು ಬದಲು ಮಾಡಿದೆ. ಕೋಡ್ ಪಿ0303 ಆಗಿ ಬದಲಾದ್ದರಿಂದ ತಪ್ಪು ಕಾಯಿಲಿನದೇ ಎಂದು ಖಚಿತವಾಯಿತು. ಕೋಡ್ ಕದಲದಿದ್ದರೆ ಸ್ಪಾರ್ಕ್ ಪ್ಲಗ್, ಆಮೇಲೆ ಇಂಧನ ಸಿಂಪಡಿಸುವ ಇಂಜೆಕ್ಟರ್ ನೋಡುತ್ತಿದ್ದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾದರೂ ಕೆಲವು ಕಾರುಗಳಲ್ಲಿ ಇದೇ ದೀಪ ಉರಿಯುತ್ತದೆ, ಬಿಗಿಮಾಡಿದ ತಕ್ಷಣ ಆರುವುದೂ ಇಲ್ಲ. ಬ್ಯಾಟರಿಯ ತಂತಿ ಕಳಚಿ ದೀಪ ಆರಿಸುವ ಉಪಾಯವನ್ನಂತೂ ನಾನು ಬಿಟ್ಟಿದ್ದೇನೆ: ದೋಷ ಕಂಡ ಗಳಿಗೆಯ ವೇಗ, ಉಷ್ಣತೆ, ಟ್ರಿಮ್ ಎಲ್ಲವನ್ನೂ ಕಂಪ್ಯೂಟರ್ ದಾಖಲಿಸಿಟ್ಟಿರುತ್ತದೆ, ಕೋಡ್ ಜೊತೆಗೆ ಅದೂ ಅಳಿಸಿಹೋಗಬಹುದು.